ಮುಖಕ್ಕೆ ಎಂಟು ಅಡಿ ದೂರ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಪಡಸಾಲೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಗೋಡೆಯ ಮೇಲೆ ತೂಗುಹಾಕಿದ ಹಿರಿಯರ ಫೋಟೊ. ಕಟ್ಟು ಹಾಕಿಸಿ, ಮಾಲೆ ಹಾಕಿ, ಹಬ್ಬಕ್ಕೊಮ್ಮೆ ಒರೆಸಿ ಕುಂಕುಮ ಹಚ್ಚುವ ಆ ಫೋಟೊ ಎಷ್ಟೋ ಮನೆಗಳಲ್ಲಿ ಗುರುತಿನ ಚೀಟಿಯಿಂದ ಹಿಗ್ಗಿಸಿದ್ದು. ಎಂಬತ್ತು ವರ್ಷ ಬಾಳಿದ ಮುತ್ಯಾನ ಮುಖ ಸರ್ಕಾರಿ ಕಚೇರಿಯ ಕಂಪ್ಯೂಟರಿನ ಮುಂದೆ ಬೆದರಿ ಕುಳಿತ ಒಂದು ಗಳಿಗೆಯಾಗಿ ಮಾತ್ರ ಉಳಿದಿರುತ್ತದೆ. ಮೊಮ್ಮಗನ ಮಕ್ಕಳು ಅವರನ್ನು ಗುರುತಿಸುವುದು ಅದರಿಂದಲೇ.

ಇಂಥ ಮನೆಯಲ್ಲೇ ಕಾಲೇಜಿಗೆ ಹೋಗುವ ಹುಡುಗನೊಬ್ಬ ಲೆನ್ಸ್ ಕೊಡಿಸಲು ಕೇಳಿದಾಗ ಮಾತು ಬೆಳೆಯುತ್ತದೆ. ‘ಮೊಬೈಲಿನ್ಯಾಗ ಫೋಟೊ ಬರಲ್ಲೇನು? ಆ ರೊಕ್ಕಕ್ಕ ಬೀಜ ಗೊಬ್ಬರ ಬರ್ತದ’ ಎನ್ನುವುದು ತಂದೆಯ ಮಾತು. ‘ಬರ್ತದಪ್ಪಾ, ಆದ್ರ ಮುತ್ಯಾನ ಮೂಗು ಬದ್ನಿಕಾಯಿ ಆಗ್ತದ’ ಎನ್ನುವುದು ಮಗನ ದೂರು. ಇಬ್ಬರ ಮಾತಿನಲ್ಲೂ ನಿಜವಿದೆ. ಹುಡುಗ ಕೇಳುತ್ತಿರುವ ವಸ್ತು ಏನು, ಅದು ಮಾಡುವುದೇನು, ಅದಿಲ್ಲದೆಯೂ ಆಗುವ ಕೆಲಸ ಎಷ್ಟು ಎಂಬುದು ತಿಳಿದರೆ ಜಗಳ ಅರ್ಧಕ್ಕೆ ನಿಲ್ಲುತ್ತದೆ.

ಅವನು ಕೇಳುವುದು ‘ಫಾಸ್ಟ್ ಟೆಲಿಫೋಟೊ ಪ್ರೈಮ್’ ಲೆನ್ಸ್. ಹೆಸರು ದೊಡ್ಡದು, ಅರ್ಥ ಸರಳ. ಪ್ರೈಮ್ ಎಂದರೆ ಝೂಮ್ ಆಗದ, ಒಂದೇ ಸಂಗಮದೂರದ ಲೆನ್ಸ್. ಟೆಲಿಫೋಟೊ ಎಂದರೆ ದೂರದ್ದನ್ನು ಹತ್ತಿರಕ್ಕೆ ತಂದು ತೋರಿಸುವಂಥದು. ಭಾವಚಿತ್ರಕ್ಕೆ ಸಾಮಾನ್ಯವಾಗಿ ಬಳಸುವುದು 85 ಮಿ.ಮೀ., 105 ಮಿ.ಮೀ. ಮತ್ತು 135 ಮಿ.ಮೀ. ಲೆನ್ಸುಗಳನ್ನು. ಫಾಸ್ಟ್ ಎಂದರೆ ಓಟದ ವೇಗವಲ್ಲ, ಬಾಯಿ ದೊಡ್ಡದು ಎಂದು. ಸಂಗಮದೂರವನ್ನು ಬೆಳಕಿನ ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಫ್ ಸಂಖ್ಯೆ. 85 ಮಿ.ಮೀ. ಲೆನ್ಸಿಗೆ ಎಫ್ 1.8 ಎಂದು ಬರೆದಿದ್ದರೆ ಅದರ ಕಿಂಡಿ ಸುಮಾರು 47 ಮಿ.ಮೀ. ಅಗಲ ತೆರೆಯುತ್ತದೆ ಎಂದರ್ಥ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಒಳಬರುವ ಬೆಳಕು ಹೆಚ್ಚು.

ಇದರ ಹಿಂದೆ ಒಂದು ಗಣಿತದ ಕಥೆಯಿದೆ. ಛಾಯಾಗ್ರಹಣ ಹುಟ್ಟಿದ ಹೊಸತರಲ್ಲಿ ಲೆನ್ಸಿನ ಬಾಯಿ ತೀರ ಸಣ್ಣದು. ಮುಖದ ಚಿತ್ರಕ್ಕೆ ಕುಳಿತವರು ನಿಮಿಷಗಟ್ಟಲೆ ಅಲುಗಾಡದೆ ಇರಬೇಕಿತ್ತು. ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್ವಾಲ್ 1840ರಲ್ಲಿ ಮುಖಚಿತ್ರಕ್ಕೆಂದೇ ಒಂದು ಲೆನ್ಸನ್ನು ಲೆಕ್ಕ ಹಾಕಿ ರೂಪಿಸಿದರು. ಆ ಲೆಕ್ಕಕ್ಕೆ ಫಿರಂಗಿ ದಳದ ಲೆಕ್ಕಿಗರ ನೆರವನ್ನೂ ಪಡೆದರು. ಎಫ್ 3.6ರ ಆ ಲೆನ್ಸು ಹಿಂದಿನ ಎಫ್ 16ರ ಲೆನ್ಸಿಗಿಂತ ಸುಮಾರು ಇಪ್ಪತ್ತು ಪಟ್ಟು ಬೆಳಕು ಒಳಬಿಡುತ್ತಿತ್ತು. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಮುಖವನ್ನು ಹಿಡಿಯಲು ದೊಡ್ಡ ಬಾಯಿಯ ಉದ್ದ ಲೆನ್ಸು ಬೇಕೆಂಬ ಮಾತು ಇಂದು ನಿನ್ನೆಯದಲ್ಲ.

ಅದೇ ಶತಮಾನದ ಕೊನೆಗೆ ಈ ಸೀಮೆಯೆಲ್ಲ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್ (1844–1905) ದೊರೆಗಳನ್ನು, ಅಮೀರರನ್ನು, ಬ್ರಿಟಿಷ್ ಅಧಿಕಾರಿಗಳನ್ನು ಬಗೆಬಗೆಯಾಗಿ ಚಿತ್ರಿಸಿದರು. ಆ ಮುಖಗಳು ಇಂದಿಗೂ ಸ್ಪಷ್ಟವಾಗಿವೆ. ಅದೇ ಕಾಲದಲ್ಲಿ ಭೀಮೆಯ ದಂಡೆಯ ಎರೆಹೊಲಗಳಲ್ಲಿ ದುಡಿದವರ ಮುಖಗಳನ್ನು ಮೊಮ್ಮಕ್ಕಳು ನೋಡಬೇಕೆಂದರೆ ಹೆಚ್ಚಿನ ಮನೆಗಳಲ್ಲಿ ಏನೂ ಇಲ್ಲ. ಹುಡುಗನ ಆಸೆಯನ್ನು ಬರೀ ಶೋಕಿ ಎಂದು ತಳ್ಳಿಹಾಕುವ ಮೊದಲು ಇದನ್ನೊಮ್ಮೆ ನೆನೆಯಬೇಕು.

ಇನ್ನು ಮೂಗಿನ ವಿಷಯ. ಎದೆಯವರೆಗಿನ ಚಿತ್ರವನ್ನು ಚೌಕಟ್ಟು ತುಂಬುವಂತೆ ತೆಗೆಯಲು ಮೊಬೈಲಿನ ಮಾಮೂಲಿ ಕ್ಯಾಮೆರಾವನ್ನು ಸುಮಾರು ಒಂದೂವರೆ ಅಡಿ ಹತ್ತಿರಕ್ಕೆ ಒಯ್ಯಬೇಕಾಗುತ್ತದೆ. 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿದರೆ ಮೂರು ಅಡಿ, 85 ಮಿ.ಮೀ. ಹಾಕಿದರೆ ಐದು ಅಡಿ, 135 ಮಿ.ಮೀ. ಹಾಕಿದರೆ ಎಂಟು ಅಡಿ ದೂರ ನಿಲ್ಲಬಹುದು. ಮೂಗಿನ ತುದಿಗೂ ಕಿವಿಗೂ ಸುಮಾರು 11–12 ಸೆಂ.ಮೀ. ಅಂತರ. ಒಂದೂವರೆ ಅಡಿಯಿಂದ ನೋಡಿದಾಗ ಮೂಗು ಕಿವಿಗಿಂತ ಕಾಲು ಪಾಲು ಹತ್ತಿರದ ವಸ್ತುವಾಗುತ್ತದೆ. ಅಷ್ಟೇ ಹಿಗ್ಗಿ ಕಾಣುತ್ತದೆ, ಕಿವಿಗಳು ಹಿಂದೆ ಅಡಗುತ್ತವೆ. ಎಂಟು ಅಡಿಯಿಂದ ನೋಡಿದರೆ ಆ ವ್ಯತ್ಯಾಸ ನೂರಕ್ಕೆ ಐದರಷ್ಟು ಮಾತ್ರ. ಮುಖ ಮುಖದಂತೆಯೇ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮೂಗನ್ನು ಸರಿಪಡಿಸಿದ್ದು ಲೆನ್ಸಲ್ಲ, ದೂರ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮುಖಕ್ಕೂ ಸಲ್ಲುತ್ತದೆ. ಉದ್ದ ಲೆನ್ಸ್ ಮಾಡುವುದು ಇಷ್ಟೇ: ಅಷ್ಟು ದೂರ ನಿಂತರೂ ಮುಖ ಚೌಕಟ್ಟಿನ ತುಂಬ ಬರುವಂತೆ ನೋಡಿಕೊಳ್ಳುವುದು. ಆದ್ದರಿಂದ ಕೈಯಲ್ಲಿ ಮೊಬೈಲ್ ಮಾತ್ರ ಇದ್ದವರು ಎಂಟು ಅಡಿ ಹಿಂದೆ ಸರಿದು, ಎರಡು ಅಥವಾ ಮೂರು ಪಟ್ಟು ಝೂಮ್ ಮಾಡಿ ತೆಗೆದು ನೋಡಬಹುದು. ಮುಖದ ಆಕಾರ 135 ಮಿ.ಮೀ. ಲೆನ್ಸಿನಲ್ಲಿ ಬರುವಂತೆಯೇ ಬರುತ್ತದೆ. ನುಣುಪು, ಸ್ಪಷ್ಟತೆ ಸ್ವಲ್ಪ ಕಡಿಮೆಯಾದೀತು, ಮೂಗು ಬದನೆಕಾಯಿ ಆಗುವುದಿಲ್ಲ. ಈ ಪಾಠಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಹಾಗಾದರೆ ಫಾಸ್ಟ್ ಲೆನ್ಸಿನಿಂದ ಏನು ಲಾಭ? ಮೊದಲನೆಯದು ಸಂಜೆಯ ಬೆಳಕು. ಕ್ಯಾಮೆರಾ ಕೊಳ್ಳುವಾಗ ಜೊತೆಗೆ ಬರುವ 18–55 ಮಿ.ಮೀ. ಝೂಮ್ ಲೆನ್ಸು 55ರಲ್ಲಿ ಸಾಮಾನ್ಯವಾಗಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ 1.8ರ ಲೆನ್ಸು ಅದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಬಿಡುತ್ತದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ–ಅಮರಜಾ ಸಂಗಮದ ದಂಡೆಯ ಮೇಲೆ ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ತಿಳಿಬೆಳಕು ಉಳಿದಿರುತ್ತದೆ. ಮುಖದ ಚಿತ್ರಕ್ಕೆ ಅದಕ್ಕಿಂತ ಮೃದುವಾದ ಬೆಳಕಿಲ್ಲ. ಸಣ್ಣ ಬಾಯಿಯ ಲೆನ್ಸು ಆಗ ಕೈ ಅಲುಗಿದ ಮಸಕು ಚಿತ್ರ ಕೊಡುತ್ತದೆ. ದೊಡ್ಡ ಬಾಯಿಯದು ಇನ್ನಷ್ಟು ಹೊತ್ತು ಕೆಲಸ ಮಾಡುತ್ತದೆ.

ಎರಡನೆಯದು ಹಿನ್ನೆಲೆ. ಬಸ್ ಸ್ಟ್ಯಾಂಡಿನ ಜಾಹೀರಾತು ಫಲಕ, ವಿದ್ಯುತ್ ಕಂಬ, ಒಣಹಾಕಿದ ಬಟ್ಟೆ, ನಿಂತ ಮೋಟರ್ ಸೈಕಲ್ ಇವೆಲ್ಲ ಮುಖದ ಜೊತೆ ಜಗಳಕ್ಕಿಳಿಯುತ್ತವೆ. ಕಿಂಡಿ ಪೂರ್ತಿ ತೆರೆದರೆ ಅವು ಕರಗಿ ಬರೀ ಬಣ್ಣಗಳಾಗುತ್ತವೆ. ಅದಕ್ಕೆ ವ್ಯಕ್ತಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಬಾರದು. ಹಿನ್ನೆಲೆ ಅವರಿಂದ ಹತ್ತು ಹದಿನೈದು ಅಡಿಯಾದರೂ ಹಿಂದಿರಬೇಕು.

ಈ ಲಾಭಕ್ಕೆ ತೆರಬೇಕಾದ ಬೆಲೆಯೂ ಉಂಟು. 85 ಮಿ.ಮೀ. ಲೆನ್ಸನ್ನು ಎಫ್ 1.8ಕ್ಕೆ ತೆರೆದು ಐದು ಅಡಿಯಿಂದ ತೆಗೆದರೆ ಸ್ಪಷ್ಟವಾಗಿ ಬರುವ ಭಾಗದ ಆಳ ಸುಮಾರು 3 ಸೆಂ.ಮೀ. ಮಾತ್ರ. ಕಣ್ಣು ಸ್ಪಷ್ಟವಾದರೆ ಕಿವಿ ಮಸಕು. ಮೂಗಿಗೆ ಫೋಕಸ್ ಆದರೆ ಕಣ್ಣು ಮಸಕು. ಕಣ್ಣು ಮಸಕಾದ ಮುಖಚಿತ್ರ ಕೆಟ್ಟಂತೆಯೇ. ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿಗೇ ಫೋಕಸ್ ಮಾಡಬೇಕು. ಕಿಂಡಿಯನ್ನು ಎಫ್ 4ಕ್ಕೆ ಇಳಿಸಿದರೆ ಆಳ 7 ಸೆಂ.ಮೀ. ಆಗುತ್ತದೆ, ಎಫ್ 8ಕ್ಕೆ ಇಳಿಸಿದರೆ 15 ಸೆಂ.ಮೀ. ಆಸುಪಾಸು. ಕಲಿಯುವವರು ಎಫ್ 2.8 ಅಥವಾ 4ರಿಂದ ಆರಂಭಿಸುವುದು ಜಾಣತನ.

ಬಿಸಿಲಿನ ಲೆಕ್ಕ ಬೇರೆ. ಐಎಸ್‌ಒ 100 ಇಟ್ಟು ನೆತ್ತಿಯ ಬಿಸಿಲಿನಲ್ಲಿ ಎಫ್ 1.8 ತೆರೆದರೆ ಶಟರ್ ಸೆಕೆಂಡಿನ ಎಂಟು ಸಾವಿರದಲ್ಲಿ ಒಂದು ಪಾಲಿನಷ್ಟು ಚುರುಕಾಗಿರಬೇಕು. ಹಲವು ಕ್ಯಾಮೆರಾಗಳ ಮಿತಿ ನಾಲ್ಕು ಸಾವಿರದಲ್ಲಿ ಒಂದು. ಚಿತ್ರ ಬಿಳಚಿಕೊಳ್ಳುತ್ತದೆ. ಅದೂ ಅಲ್ಲದೆ ಜೇವರ್ಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ. ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ. ಮರಳು ನೆಲವಾದರೆ ಬೆಳಕನ್ನು ತಿರುಗಿ ಮುಖಕ್ಕೆ ಚೆಲ್ಲುತ್ತದೆ, ಕಪ್ಪು ಎರೆಮಣ್ಣು ಅದನ್ನು ನುಂಗಿಬಿಡುತ್ತದೆ. ಎಂಥ ದುಬಾರಿ ಲೆನ್ಸಿಗೂ ಇದಕ್ಕೆ ಮದ್ದಿಲ್ಲ. ಬೇವಿನ ಮರದ ದಟ್ಟ ನೆರಳಿನ ಅಂಚಿಗೆ ಕೂರಿಸಿ, ಮುಖವನ್ನು ಬಯಲಿನ ಕಡೆ ತಿರುಗಿಸಿ, ಮುಂದೆ ಒಂದು ಬಿಳಿ ಧೋತರ ಹಾಸಿದರೆ ಗಲ್ಲದ ಕೆಳಗಿನ ಕಪ್ಪು ಕರಗುತ್ತದೆ. ಬಿಳಿ ರುಮಾಲು ಸುತ್ತಿದವರ ಚಿತ್ರ ತೆಗೆಯುವಾಗ ಇನ್ನೊಂದು ಎಚ್ಚರ ಬೇಕು. ಆ ಬಿಳುಪಿಗೆ ಮರುಳಾಗಿ ಕ್ಯಾಮೆರಾ ಮುಖವನ್ನು ಕಪ್ಪಾಗಿಸುತ್ತದೆ. ಬೆಳಕನ್ನು ಅಳೆಯಬೇಕಾದ್ದು ಮುಖದಿಂದ, ರುಮಾಲಿನಿಂದಲ್ಲ.

ಹಿನ್ನೆಲೆಯನ್ನು ಕರಗಿಸುವ ಶಕ್ತಿ ಕೈಗೆ ಬಂದ ಮೇಲೆ ಎಲ್ಲ ಚಿತ್ರದಲ್ಲೂ ಕರಗಿಸುವ ಚಟ ಹತ್ತುತ್ತದೆ. ಇದೇ ದೊಡ್ಡ ಅಪಾಯ. ದೀಪಾವಳಿಯ ಸುಮಾರಿಗೆ ಆಳಂದದ ಹೊಲಗಳಲ್ಲಿ ತೊಗರಿ ಹಳದಿ ಹೂ ಬಿಡುತ್ತದೆ. ಎಫ್ 1.8ರಲ್ಲಿ ಅದು ಬರೀ ಹಳದಿ ಚುಕ್ಕೆಗಳ ತೆರೆ. ನೋಡಲು ಚೆಂದ, ಆದರೆ ಆ ಚುಕ್ಕೆಗಳು ತೊಗರಿಯೋ ಸೂರ್ಯಕಾಂತಿಯೋ, ಊರು ಆಳಂದವೋ ಇನ್ನಾವುದೋ, ಚಿತ್ರ ಹೇಳುವುದಿಲ್ಲ. ಆ ಹೊಲವನ್ನು ಐವತ್ತು ವರ್ಷ ಉತ್ತವರ ಚಿತ್ರದಲ್ಲಿ ಹೊಲವೇ ಇಲ್ಲವಾದರೆ ಅರ್ಧ ಮನುಷ್ಯನನ್ನು ಅಳಿಸಿದಂತೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಹೆಸರು ಉಳಿದಿರುವುದು ಸಾಮಾನ್ಯ ಜನರನ್ನು ಅವರ ನಿತ್ಯದ ಬದುಕಿನ ನಡುವೆಯೇ ಹಿಡಿದ ಚಿತ್ರಗಳಿಂದ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಮುಖ ಮುಖ್ಯವಾದಾಗ ಕಿಂಡಿ ತೆರೆಯಬೇಕು. ಮುಖದ ಜೊತೆ ನೆಲವೂ ಮುಖ್ಯವಾದಾಗ ಎಫ್ 8ಕ್ಕೋ 11ಕ್ಕೋ ಇಳಿಸಿ, ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು.

ದೂರ ನಿಂತು ತೆಗೆಯುವ ಅನುಕೂಲವೇ ಇನ್ನೊಂದು ತಪ್ಪಿಗೂ ದಾರಿ. ಕೇಳದೆ, ಹೇಳದೆ ಯಾರ ಮುಖವನ್ನಾದರೂ ಕದಿಯಬಹುದು. 1984ರ ಕೊನೆಗೆ ಅಮೆರಿಕದ ಸ್ಟೀವ್ ಮೆಕರಿ ಪಾಕಿಸ್ತಾನದ ಒಂದು ನಿರಾಶ್ರಿತರ ಶಿಬಿರದಲ್ಲಿ ಹಸಿರು ಕಣ್ಣಿನ ಅಫ್ಘನ್ ಬಾಲಕಿಯ ಚಿತ್ರ ತೆಗೆದದ್ದು ಇಂಥದೇ 105 ಮಿ.ಮೀ., ಎಫ್ 2.5ರ ಲೆನ್ಸಿನಿಂದ. 1985ರ ಜೂನ್‌ನಲ್ಲಿ ಅದು ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಮುಖಪುಟಕ್ಕೆ ಬಂದು ಲೋಕವೆಲ್ಲ ಸುತ್ತಿತು. ಆಕೆಯ ಹೆಸರು ಶರ್ಬತ್ ಗುಲಾ ಎಂದು ಲೋಕಕ್ಕೆ ತಿಳಿದದ್ದು 2002ರಲ್ಲಿ. ಅಲ್ಲಿಯವರೆಗೆ ಆಕೆ ತನ್ನ ಚಿತ್ರವನ್ನು ನೋಡಿಯೇ ಇರಲಿಲ್ಲ. ಚಿತ್ರಕಲೆಯಾಗಿ ಅದು ದೊಡ್ಡದೇ ಇರಬಹುದು. ಹೆಸರು ಕೇಳದೆ, ಪ್ರತಿ ಕೊಡದೆ ಹೋದದ್ದನ್ನು ಕಲಿಯುವವರು ಮಾದರಿಯಾಗಿ ಇಟ್ಟುಕೊಳ್ಳಬಾರದು. ‘ಮುತ್ಯಾ, ಒಂದ್ ಫೋಟೊ ತೆಗಿಲೇನ್ರಿ?’ ಎಂದು ಕೇಳಲು ಎಷ್ಟು ಹೊತ್ತು ಬೇಕು? ಎಂಟು ಅಡಿ ದೂರದಲ್ಲಿ ಮಾತು ಕೇಳಿಸುತ್ತದೆ. ಹೆಣ್ಣುಮಕ್ಕಳ ಹಾಗೂ ಚಿಕ್ಕಮಕ್ಕಳ ಚಿತ್ರವಾದರೆ ಅವರ ಮತ್ತು ಮನೆಯವರ ಒಪ್ಪಿಗೆ ಇಲ್ಲದೆ ಮುಟ್ಟಲೇಬಾರದು, ಮೊಬೈಲಿನಲ್ಲಿ ಹಂಚಲೂಬಾರದು.

ಕೊನೆಗೆ ತಂದೆಯ ಪ್ರಶ್ನೆ, ರೊಕ್ಕದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚುವ ದಾರಿ ಇಲ್ಲಿಯೂ ಇದೆ. ಕಾಲೇಜು ಹುಡುಗರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಚಿಕ್ಕ ಸೆನ್ಸರಿನ ಕ್ಯಾಮೆರಾ. ಅದಕ್ಕೆ 50 ಮಿ.ಮೀ., ಎಫ್ 1.8 ಲೆನ್ಸ್ ಹಾಕಿದರೆ ಅದು 75–80 ಮಿ.ಮೀ. ಲೆನ್ಸಿನಷ್ಟೇ ನೋಟ ಕೊಡುತ್ತದೆ. ಫಾಸ್ಟ್ ಲೆನ್ಸುಗಳಲ್ಲಿ ಅಗ್ಗವಾದದ್ದೂ ಅದೇ. 85 ಅಥವಾ 135 ಮಿ.ಮೀ. ಲೆನ್ಸು ಅದಕ್ಕಿಂತ ಬಹಳ ದುಬಾರಿ. ಮದುವೆ, ಕಾರ್ಯಕ್ರಮಗಳ ಕೆಲಸದಿಂದ ದುಡಿಮೆ ಆರಂಭವಾದ ಮೇಲೆ ನೋಡಿದರಾಯಿತು. ಹುಡುಗನೋ ಹುಡುಗಿಯೋ ಇದನ್ನೇ ವೃತ್ತಿಯಾಗಿ ಓದಬಯಸಿದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಛಾಯಾಗ್ರಹಣ ಮತ್ತು ಛಾಯಾಪತ್ರಿಕೋದ್ಯಮದ ಪದವಿ ಶಿಕ್ಷಣವಿದೆ.

ಕೊಡಿಸುವ ಮೊದಲು ತಂದೆತಾಯಿ ಒಂದು ಷರತ್ತು ಹಾಕಬಹುದು. ಮೂರು ತಿಂಗಳು ಮೊಬೈಲಿನಲ್ಲೇ ಎಂಟು ಅಡಿ ದೂರ ನಿಂತು, ನೆರಳು ಹುಡುಕಿ, ಕೇಳಿ ಒಪ್ಪಿಸಿ, ಓಣಿಯ ಹತ್ತು ಮಂದಿ ಹಿರಿಯರ ಚಿತ್ರ ತೆಗೆಯಲಿ. ಅದರಲ್ಲಿ ಒಳ್ಳೆಯದನ್ನು ಸ್ಟುಡಿಯೊದಲ್ಲಿ ಕಾಗದದ ಮೇಲೆ ಅಚ್ಚು ಹಾಕಿಸಿ ಅವರವರ ಮನೆಗೆ ಕೊಟ್ಟು ಬರಲಿ. ಅಷ್ಟು ಮಾಡಿದವರ ಕೈಗೆ ಲೆನ್ಸ್ ಕೊಟ್ಟರೆ ರೊಕ್ಕ ಹಾಳಾಗುವುದಿಲ್ಲ. ಆ ಹತ್ತು ಚಿತ್ರಗಳಲ್ಲಿ ಮೊದಲನೆಯದು ಮನೆಯ ಮುತ್ಯಾನದೇ ಆಗಲಿ. ಗೋಡೆಗೇರಿ ಮಾಲೆ ಬೀಳುವ ಮೊದಲು ಆ ಫೋಟೊ ಅವರ ಕೈ ಸೇರಬೇಕು. ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಅವರೇ ಅದನ್ನು ನೋಡಬೇಕು.