ಗುಂಡೂ ಮದ್ದೂ ಒಂದೇ ಕೈಯಲ್ಲಿ

ಈ ತಿಂಗಳು ಅಡಿಗೆಮನೆಯ ವಿಚಾರವನ್ನು ಬದಿಗಿಟ್ಟು ಮಕ್ಕಳ ಆಟವೊಂದರ ವಿಷಯವಾಗಿ ನಾಲ್ಕು ಮಾತು ಬರೆಯುವೆವು. ವಾಚಕರು ಹುಬ್ಬು ಗಂಟಿಕ್ಕಬಾರದು. ಮೊದಲು ಗಂಟಿಕ್ಕಿದವರು ನಾವೇ.

ನಮ್ಮ ಬಂಧುವರ್ಗದ ಮಕ್ಕಳು ಐವರು. ಚನ್ನಗಿರಿಯಲ್ಲಿ ಇಬ್ಬರು, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಒಬ್ಬೊಬ್ಬರು. ರಾತ್ರಿಯ ಊಟವಾದೊಡನೆ ತಂತಮ್ಮ ಮನೆಗಳಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು 'ಓವರ್‌ವಾಚ್' ಎಂಬ ಆಟದಲ್ಲಿ ಒಂದೇ ಪಂಗಡವಾಗಿ ಕೂಡುವರು. 2016ರಲ್ಲಿ ಅಮೆರಿಕದ ಬ್ಲಿಝಾರ್ಡ್ ಸಂಸ್ಥೆಯವರು ಹೊರತಂದ ಆಟವಿದು. ಮೊದಲು ಪಂಗಡಕ್ಕೆ ಆರು ಮಂದಿ; 2022ರ ಹೊಸ ರೂಪದಲ್ಲಿ ಐವರಾದರು: ಎದುರು ನಿಂತು ಪೆಟ್ಟು ತಾಳುವವನೊಬ್ಬ, ಹೊಡೆಯುವವರಿಬ್ಬರು, ಬೆಂಬಲಕ್ಕಿಬ್ಬರು.

ನ್ಯಾಮತಿಯಲ್ಲಿರುವ ನಮ್ಮ ತಂಗಿಯ ಮಗಳು ಬೆಂಬಲದವಳು. ಆಕೆ ಆರಿಸಿಕೊಂಡ ವೀರನು ಬಾಪ್ಟಿಸ್ಟ್. 2019ರಲ್ಲಿ ಆಟಕ್ಕೆ ಸೇರಿದ, ಹೈಟಿ ದೇಶದ ಸಮರವೈದ್ಯ. ಇವನ ಕೋವಿಯು ವಿಚಿತ್ರವಾದುದು. ಒಂದು ಗುಂಡಿಯನ್ನೊತ್ತಿದರೆ ಮೂರು ಗುಂಡುಗಳು ಒಂದರ ಹಿಂದೊಂದು ಹಾರುವುವು. ಇನ್ನೊಂದನ್ನೊತ್ತಿದರೆ ಔಷಧದ ಉಂಡೆಯು ಸಂಗಡಿಗರ ಬಳಿ ಬಿದ್ದು ಸಿಡಿದು ಅವರ ಗಾಯ ಮಾಯುವುದು. ಗುಂಡಿನ ಲೆಕ್ಕ ಬೇರೆ, ಔಷಧದ ಲೆಕ್ಕ ಬೇರೆ. ಕುಕ್ಕರಿಸಿ ನೆಗೆದರೆ ಮಾಳಿಗೆಯನ್ನೇರಬಲ್ಲ. ಎಲ್ಲಕ್ಕೂ ಮಿಗಿಲಾದುದು ಅವನು ಎಸೆಯುವ ಸಣ್ಣ ಯಂತ್ರ. ಅದರ ವಲಯದೊಳಗಿನ ಸಂಗಡಿಗರು ಕೆಲವು ಕ್ಷಣ ಸಾಯರು. ಆದರೆ ಶತ್ರುವು ಆ ಯಂತ್ರವನ್ನೇ ಒಡೆಯಬಹುದು. ಒಮ್ಮೆ ಉಪಯೋಗಿಸಿದರೆ ಮತ್ತೆ ಬಹಳ ಹೊತ್ತು ಕಾಯಬೇಕು.

ಜಗಳೂರಿನ ಹಿರಿಯ ಹುಡುಗನು ಹೊಡೆಯುವವನು. ಒಬ್ಬನೇ ಮುಂದೋಡಿ ಮೂಲೆಯಾಚೆ ಬೀಳುವನು, ಬಿದ್ದೊಡನೆ, "ಎಲ್ಲೇ ಇದ್ದೆ? ಔಷಧಿ ಹಾಕೋದು ಬಿಟ್ಟು ಗುಂಡು ಹಾರಿಸ್ತಾ ಕೂತಿದ್ದೀಯಾ!" ಎಂದು ಗದರುವನು. ತಿಂಗಳುಗಟ್ಟಲೆ ಇದನ್ನು ಕೇಳಿ ಆಕೆ ಗುಂಡು ಹಾರಿಸುವುದನ್ನೇ ಬಿಟ್ಟಳು. ಪಂಗಡವು ಮೊದಲಿಗಿಂತ ಹೆಚ್ಚಾಗಿ ಸೋಲತೊಡಗಿತು. ಆ ದೂರೂ ಅವಳ ತಲೆಗೇ. ದೀಪಾವಳಿಗೆ ನಾವು ಹೋದಾಗ, "ಇನ್ನು ನಾನು ಆಡೋದಿಲ್ಲ, ದೊಡ್ಡಮ್ಮ" ಎಂದು ಕಣ್ಣೊರಸಿಕೊಂಡಳು.

ಆ ರಾತ್ರಿ ನಾವು ಪಕ್ಕದಲ್ಲಿ ಕುಳಿತು ನೋಡಿದೆವು. ಗಾಯವಿಲ್ಲದವರ ಮೇಲೂ ಹುಡುಗಿಯು ಹೆದರಿ ಹೆದರಿ ಔಷಧವನ್ನು ಸುರಿಯುತ್ತಿದ್ದಳು. ಮಾಳಿಗೆಯ ಮೇಲಿನ ಶತ್ರುವೊಬ್ಬನು ನಮ್ಮವರನ್ನು ನಿಶ್ಚಿಂತೆಯಿಂದ ಹೊಡೆಯುತ್ತಿದ್ದನು. ಅವನನ್ನು ಕೆಡಹುವುದೂ ಚಿಕಿತ್ಸೆಯೇ ಅಲ್ಲವೆ? ಚನ್ನಗಿರಿಯ ತೋಟಗಳಲ್ಲಿ ಅಡಿಕೆಯ ಕೊಯ್ಲನ್ನು ಕಂಡವರಿಗೆ ಈ ಸಂಕಟ ಹೊಸದಲ್ಲ. ಹೊಗಳಿಕೆಯೆಲ್ಲ ಮರವೇರಿದವನಿಗೆ; ಕೆಳಗೆ ನಿಂತು ಗೊನೆ ಹಿಡಿಯುವವನು ನೆನಪಾಗುವುದು ಅವನ ಕೈ ತಪ್ಪಿದ ದಿನ.

ತಡೆಯಲಾರದೆ ನಾವೇ ಬಾಗಿ ಹೇಳಿದೆವು: "ಏನಪ್ಪಾ, ಮೂಲೆಯಾಚೆ ಓಡಿದವನಿಗೆ ಔಷಧ ಗೋಡೆ ತೂರಿಕೊಂಡು ಬರುತ್ತದೆಯೇ?" ಜಗಳೂರು ಸ್ತಬ್ಧವಾಯಿತು. ಚನ್ನಗಿರಿಯವರಿಬ್ಬರೂ ನಕ್ಕರು.

ಮುಂದಿನ ಆಟದಲ್ಲಿ ಹುಡುಗನು ಮೂಲೆಯಲ್ಲಿ ನಿಂತನು. ಹುಡುಗಿಯು ನೆಗೆದು ಮಾಳಿಗೆಯವನನ್ನು ಮೊದಲು ಕೆಡವಿದಳು. ಕೆಳಗಿಳಿದು, ಅಣ್ಣನಿಗೆ ಪ್ರಾಣ ಕೊರಳಿಗೆ ಬಂದಾಗ ಯಂತ್ರವನ್ನೆಸೆದಳು. ಆ ಆಟವನ್ನೂ ಸೋತರೆಂಬುದನ್ನು ಮುಚ್ಚಿಡಲಾರೆವು. ಸೋತ ಮೇಲೆ ಜಗಳೂರಿನಿಂದ ಒಂದೇ ಮಾತು ಬಂತು: "ಇನ್ನೊಂದು ಆಟ ಇರ್ತೀಯೇನೇ?"

ಗಂಟೆ ಹತ್ತಾಗಿತ್ತು. ನಮ್ಮ ತಂಗಿಯು ಬಂದು ದೀಪವಾರಿಸಿದಳು.