ಎ.ಸಿ.ಯೊಳಗೆ ಐಸ್ ಕಟ್ಟಿದರೆ



ಏಪ್ರಿಲ್ ತಿಂಗಳ ಸೆಕೆ. ರಿಮೋಟಿನಲ್ಲಿ 16 ಎಂದು ತೋರಿಸುತ್ತಿದೆ. ಆದರೂ ಕೋಣೆ ತಣ್ಣಗಾಗುತ್ತಿಲ್ಲ, ಗಾಳಿ ಸಣ್ಣಗೆ ಬೀಸುತ್ತಿದೆ. ಮುಚ್ಚಳ ಎತ್ತಿ ನೋಡಿದರೆ ಒಳಗೆಲ್ಲ ಬೆಳ್ಳಗೆ ಐಸ್! ಇಷ್ಟೊಂದು ಐಸ್ ಇದ್ದೂ ತಂಪಿಲ್ಲವೇಕೆ ಎಂದು ಆಶ್ಚರ್ಯವಾಗಬಹುದು. ಐಸ್ ಕಟ್ಟಿರುವುದರಿಂದಲೇ ತಂಪಿಲ್ಲ.

ಎ.ಸಿ. ತಂಪನ್ನು ತಯಾರಿಸುವುದಿಲ್ಲ. ಕೋಣೆಯ ಬಿಸಿಯನ್ನು ಹೀರಿ ಹೊರಗೆ ಹಾಕುತ್ತದೆ, ಅಷ್ಟೆ. ಗೋಡೆಯ ಮೇಲಿನ ಪೆಟ್ಟಿಗೆಯೊಳಗೆ ಕೊಳವೆಗಳ ಒಂದು ಜಾಲವಿರುತ್ತದೆ. ಇದಕ್ಕೆ ಕಾಯಿಲ್ ಎನ್ನುತ್ತಾರೆ. ಅದರೊಳಗೆ ಹರಿಯುವ ಗ್ಯಾಸ್ ಕೋಣೆಯ ಬಿಸಿಯನ್ನು ಹೀರಿಕೊಳ್ಳುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಕಾಯಿಲ್ ಮೇಲೆ ಗಾಳಿಯ ತೇವ ಹನಿಗಟ್ಟಿ, ಪೈಪಿನ ಮೂಲಕ ಹೊರಗೆ ತೊಟ್ಟಿಕ್ಕುತ್ತದೆ. ಕಾಯಿಲಿಗೆ ಸಾಕಷ್ಟು ಬೆಚ್ಚನೆಯ ಗಾಳಿ ತಗಲದಿದ್ದರೆ ಅದು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ, ಹನಿಗಳು ಹೆಪ್ಪುಗಟ್ಟುತ್ತವೆ. ಆ ಐಸ್ ಗಾಳಿಯ ದಾರಿಯನ್ನು ಇನ್ನಷ್ಟು ಮುಚ್ಚುತ್ತದೆ. ಐಸ್ ಮೇಲೆ ಐಸ್ ಬೆಳೆಯುತ್ತದೆ.

ಗಾಳಿ ಏಕೆ ಸಿಗುವುದಿಲ್ಲ? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ, ಕೊಳೆಯಾದ ಫಿಲ್ಟರ್. ಅರಸೀಕೆರೆ ತೆಂಗು ಕೊಬ್ಬರಿಯ ಊರು. ಮಳೆ ಕಡಿಮೆ, ಧೂಳು ಜಾಸ್ತಿ. ಅಡುಗೆಮನೆಯ ಪಕ್ಕದ ಕೋಣೆಯಾದರೆ ಒಗ್ಗರಣೆಯ ಹೊಗೆ, ಕರಿದ ಎಣ್ಣೆಯ ಜಿಡ್ಡು ಬೇರೆ. ಜಿಡ್ಡಿಗೆ ಧೂಳು ಅಂಟಿದರೆ ಫಿಲ್ಟರ್ ಕಂಬಳಿಯಂತಾಗುತ್ತದೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನು ತೆಗೆದು ನಲ್ಲಿ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಇದಕ್ಕೆ ಮೆಕ್ಯಾನಿಕ್ ಬೇಡ, ಹತ್ತು ನಿಮಿಷ ಸಾಕು.

ಬೇಲೂರು, ಹಳೇಬೀಡಿನ ಕಡೆಯವರಿಗೆ ಇನ್ನೊಂದು ಮಾತು. ಅದು ಮಲೆನಾಡಿನ ಸೆರಗು. ಮಳೆಗಾಲದ ರಾತ್ರಿ ಹೊರಗೇ ತಂಪಿರುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಆಗಲೂ ಬೇಸಿಗೆಯ ಅಭ್ಯಾಸದಂತೆ 16ಕ್ಕೆ ಇಟ್ಟು ಮಲಗಿದರೆ ಯಂತ್ರದೊಳಗಿನ ಒತ್ತಡ ಇಳಿದು ಕಾಯಿಲ್ ಅತಿಯಾಗಿ ತಣ್ಣಗಾಗಬಹುದು. ಅಂಥ ರಾತ್ರಿ ಕಿಟಕಿ ತೆರೆದರೇ ಸಾಕಲ್ಲವೇ? ಕಡಿಮೆ ಅಂಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬ ನಂಬಿಕೆಯೂ ಅಷ್ಟು ಸರಿಯಲ್ಲ. 2020ರ ಜನವರಿಯಿಂದ ಹೊಸ ಎ.ಸಿ.ಗಳು ತಾವಾಗಿಯೇ 24 ಡಿಗ್ರಿಗೆ ಹೊಂದಿಕೊಂಡಿರಬೇಕೆಂದು ಕೇಂದ್ರ ಸರಕಾರ ನಿಯಮ ಮಾಡಿತು. ಕೂಸುಗಳು, ಮುದುಕರು ಇರುವ ಮನೆಗೆ 24ರಿಂದ 26 ಹಿತ.

ಈಗ ಹಣದ ವಿಷಯ. ಫಿಲ್ಟರ್ ಸ್ವಚ್ಛವಿದ್ದೂ, ಫ್ಯಾನ್ ಸರಿಯಾಗಿ ತಿರುಗುತ್ತಿದ್ದೂ ಐಸ್ ಕಟ್ಟಿದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆಯಿದೆ. ಆದರೆ ಎ.ಸಿ.ಯ ಗ್ಯಾಸ್ ಅಡುಗೆಯ ಸಿಲಿಂಡರಿನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. “ಗ್ಯಾಸ್ ಮುಗಿದಿದೆ, ತುಂಬಿಸೋಣ” ಎಂದು ಪ್ರತಿ ಬೇಸಿಗೆಯಲ್ಲೂ ಸಾವಿರಾರು ರೂಪಾಯಿ ಕೇಳುವವರನ್ನು “ಅಣ್ಣಾ, ಸೋರುವ ಜಾಗ ಮೊದಲು ತೋರಿಸಿ” ಎಂದು ಕೇಳಿ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಅದನ್ನು ಮುಚ್ಚಿದ ಮೇಲೆ ಕೊಳವೆಯೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು, ಯಂತ್ರದ ಪಟ್ಟಿಯಲ್ಲಿ ಬರೆದಿರುವಷ್ಟೇ ಗ್ಯಾಸನ್ನು ತೂಕ ಮಾಡಿ ತುಂಬಬೇಕು. ಈಗಿನ ಅನೇಕ ಎ.ಸಿ.ಗಳಲ್ಲಿರುವ ಆರ್-32 ಗ್ಯಾಸ್ ಬೆಂಕಿ ಹಿಡಿಯಬಲ್ಲದು. ಆದ್ದರಿಂದ ಆ ಕೆಲಸ ನಡೆಯುವಾಗ ಹತ್ತಿರ ಒಲೆ, ಬೀಡಿ, ಬೆಂಕಿಕಡ್ಡಿ ಏನೂ ಇರಬಾರದು.

ಐಸ್ ಕಂಡ ಕೂಡಲೇ ಚಾಕು, ಸ್ಕ್ರೂಡ್ರೈವರ್ ಹಿಡಿದು ಕೆರೆಯಬೇಡಿ. ಕಾಯಿಲ್ ತೂತಾದರೆ ಖರ್ಚು ಹಲವು ಪಟ್ಟು. ಬಿಸಿನೀರೂ ಸುರಿಯಬೇಡಿ, ಒಳಗೆ ವಿದ್ಯುತ್ತಿದೆ. ಎ.ಸಿ. ಆರಿಸಿ, ಅಥವಾ ಫ್ಯಾನ್ ಮಾತ್ರ ತಿರುಗುವಂತೆ ಇಟ್ಟು ಎರಡು ಮೂರು ಗಂಟೆ ಬಿಡಿ. ಐಸ್ ದಪ್ಪಗಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕಾದೀತು. ಕೆಳಗೆ ಒಂದು ಹಳೆಯ ಬಟ್ಟೆ, ಬಕೆಟ್ ಇಟ್ಟುಕೊಳ್ಳಿ. ಕರಗಿದ ನೀರು ಹಾಸಿಗೆಯ ಮೇಲೆ ಬಿದ್ದರೆ ಒಣಗಿಸುವ ಕೆಲಸವೂ ನಿಮ್ಮದೇ.