ಕಡಲ ಒಡಲಿನ ಮದ್ದು

ವಿಷಮಶೀತಜ್ವರವೆಂದರೆ ಮನೆಮಂದಿಯೆಲ್ಲ ನಡುಗುತ್ತಿದ್ದ ಕಾಲವೊಂದಿತ್ತು. ಆ ಭಯವನ್ನು ಬಹುಮಟ್ಟಿಗೆ ನೀಗಿಸಿದ ಕ್ಲೋರಾಂಫೆನಿಕಾಲ್ ಔಷಧದ ಮೂಲ, ವೆನೆಜುವೇಲಾ ದೇಶದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿ. 1947ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದವರಲ್ಲಿ ಅಮೆರಿಕದ ಪಾಲ್ ಬರ್ಕ್‌ಹೋಲ್ಡರ್ ಒಬ್ಬರು.

ಮಣ್ಣಿನಲ್ಲಿ ದೊರೆತದ್ದು ಕಡಲಿನಲ್ಲೇಕೆ ದೊರೆಯಬಾರದು? ಪೋರ್ಟೊರಿಕೊ ದ್ವೀಪದ ಬಳಿಯ ಕಡಲಿನ ಬ್ಯಾಕ್ಟೀರಿಯವೊಂದು ರೋಗಾಣುನಾಶಕ ವಸ್ತುವನ್ನು ತಯಾರಿಸುವುದೆಂದು 1966ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದರು. ಅದರ ತೂಕದಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಬ್ರೋಮಿನ್! ನೆಲಕ್ಕಿಂತ ಕಡಲ ನೀರಿನಲ್ಲಿಯೇ ಹೇರಳವಾದ ಈ ಧಾತುವನ್ನು, ಮನೆಯಲ್ಲಿದ್ದ ಸಾಮಗ್ರಿಯಿಂದಲೇ ಅಡಿಗೆ ಮುಗಿಸುವ ಜಾಣ ಗೃಹಿಣಿಯಂತೆ, ಆ ಅಣುಜೀವಿ ಬಳಸಿಕೊಂಡಿತ್ತು.

ಗಾಜಿನ ತಟ್ಟೆಯಲ್ಲಿ ರೋಗಾಣುಗಳನ್ನು ಕೊಂದ ಆ ವಸ್ತು ಔಷಧವಾಗಿ ಬಳಕೆಗೆ ಬರಲಿಲ್ಲ. ರೋಗಾಣುವನ್ನು ಕೊಂದರಷ್ಟೇ ಸಾಲದು, ರೋಗಿ ಉಳಿಯಬೇಕು. ಆದರೂ ಶೋಧ ನಿಂತಿಲ್ಲ. ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಬಳಿಯ ಕಡಲತಳದ ಕೆಸರಿನಲ್ಲಿದ್ದ ಬ್ಯಾಕ್ಟೀರಿಯದಿಂದ ಪಡೆದ ಆಂತ್ರಾಸಿಮೈಸಿನ್ 2013ರಲ್ಲಿ ಬೆಳಕಿಗೆ ಬಂದಿತು. ಪ್ರಯೋಗಗಳಲ್ಲಿ ಅದು ಹಳೆಯ ಮದ್ದುಗಳಿಗೆ ಬಗ್ಗದ ರೋಗಾಣುವಿನಿಂದ ಇಲಿಗಳನ್ನು ಕಾಪಾಡಿತು. ಅನೇಕ ರೋಗಾಣುಗಳು ಬಳಕೆಯ ಔಷಧಗಳಿಗೆ ಜಗ್ಗದಿರುವ ಈ ದಿನಗಳಲ್ಲಿ ವಿಜ್ಞಾನಿಗಳ ದೃಷ್ಟಿ ಕಡಲಿನತ್ತ ಹರಿದಿರುವುದು ಸಹಜವೇ ಆಗಿದೆ.